ಮುಳ್ಳುತಂತಿಯ ಮೇಲಿನ ಚೀಲಗಳು

ಜನವರಿ 9, 2019, ಬುಧವಾರ

ಇದನ್ನು ಬರೆಯದೇ ಬಿಡಬೇಕೆಂದಿದ್ದೆ. ಈ ವರ್ಷದ ಮೊದಲ ಪುಟಗಳನ್ನು ಶಾಲೆ, ಬಿಸಿಲು, ದೊಡ್ಡಮ್ಮನ ಮಂಡಿನೋವು ಎಂದು ತುಂಬಿಸಿದ್ದೇನೆ. ಎಲ್ಲವೂ ನಿಜ. ಯಾವುದೂ ಮುಖ್ಯವಲ್ಲ. ಇವತ್ತು ಉದ್ಯಾನದ ಸೂಚನಾಫಲಕಕ್ಕೆ ಕಾರ್ನಿವಲ್ ನಿಯಮಗಳ ಹಾಳೆ ಅಂಟಿಸಿದ್ದಾರೆ. ಜನ ಸುತ್ತ ನಿಂತು ಓದುತ್ತಿದ್ದರು. ಆದ್ದರಿಂದ ಇಲ್ಲಿಯಾದರೂ ಬರೆದಿಡುತ್ತೇನೆ: ಏಳನೆಯ ನಿಯಮದ ಮಾತುಗಳು ನನ್ನವು.

"ಮನೆಬಳಕೆಯ ಕಸದಿಂದ ಮಾಡಿದ ವೇಷಗಳಿಗೆ ಫೆಬ್ರವರಿ 27ರ ಮೆರವಣಿಗೆಯಲ್ಲಿ ಪ್ರವೇಶವಿಲ್ಲ. ಮುಖವಾಡ ಧರಿಸಿದವರು ದ್ವಾರದಲ್ಲಿ ಹೆಸರು ಹೇಳಿ ಮುಖ ತೋರಿಸತಕ್ಕದ್ದು." ಕೆಳಗೆ ಯಾರ ಸಹಿಯೂ ಇಲ್ಲ. ಕಾರ್ನಿವಲ್ ಸಮಿತಿ ಎಂದಷ್ಟೇ ಇದೆ.

ಸಮಿತಿಯ ಅಧ್ಯಕ್ಷರು ಲಿಸಾರ್ದೊ ಮೇಷ್ಟ್ರು. ನಾನು ಇಂಗ್ಲಿಷ್ ಕಲಿಸುವ ಶಾಲೆಯ ಹೆಡ್‌ಮಾಸ್ತರೂ ಅವರೇ. ಡಿಸೆಂಬರಿನಲ್ಲಿ ನನ್ನನ್ನು ಕರೆದು, "ಈ ಸಲ ರಾಜಧಾನಿಯಿಂದ ಟಿ.ವಿ.ಯವರು ಬರ್ತಾರೆ. ಎಲ್ಲ ಒಂಚೂರು ಚೊಕ್ಕಟವಾಗಿರೋ ಹಾಗೆ ನಿಯಮ ಬರ್ದುಕೊಡಿ. ನ್ಯೂಯಾರ್ಕಲ್ಲಿ ಇಂಗ್ಲಿಷ್ ಶಾಲೇಲಿ ಓದಿದೋರು ನೀವು," ಎಂದಿದ್ದರು. ಮುಖ ತೋರಿಸಬೇಕೆಂದದ್ದು ಅವರು. ವೇಷದ ಬಗ್ಗೆ ಅವರು ಹೇಳಿದ್ದು ಚೊಕ್ಕಟ ಎಂಬ ಒಂದು ಮಾತು. ಕಸ ಎಂಬ ಮಾತು ನನ್ನದು. ಬರೆಯುವಾಗ ನನ್ನ ಕಣ್ಣ ಮುಂದೆ ಏನಿತ್ತು ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುತ್ತದೆ, ಅದು ನನಗೆ ಇಷ್ಟವಾಗುವುದಿಲ್ಲ. ನಮ್ಮ ಹಿತ್ತಿಲ ಮುಳ್ಳುತಂತಿ ಬೇಲಿಯ ಮೇಲೆ ಒಣಗುತ್ತಿರುವ ನೂರಾರು ಪ್ಲಾಸ್ಟಿಕ್ ಚೀಲಗಳು ಇದ್ದವು.

ಜನವರಿ 10, ಗುರುವಾರ

ಪಕ್ಕದ ಮನೆಯ ಓನೆಲಿಯಾ ತನ್ನ ಕರಿದ ತಿಂಡಿಯ ಗಾಡಿಯನ್ನು ಬೀದಿಯಲ್ಲೇ ಬಿಟ್ಟು ಬಂದು, ಹಾಳೆಯ ಫೋಟೋವನ್ನು ದೊಡ್ಡಮ್ಮನಿಗೆ ಓದಿ ಹೇಳಿದಳು. ದೊಡ್ಡಮ್ಮ ತೊಟ್ಟಿಯ ಮುಂದೆ ಕೂತು ಚೀಲ ತೊಳೆಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ಇನ್ನೊಂದ್ಸಲ ಓದು."

ಓನೆಲಿಯಾ ಓದಿದಳು.

"ಕಸ ಅಂತ ಬರ್ದಿದಾರಾ?"

"ಬರೀ ಕಸ ಅಲ್ಲ ಎನೇರಿಯಕ್ಕಾ, ಮನೆಬಳಕೆಯ ಕಸ."

"ಮರ್ಯಾದೆ ಬೇರೆ ಕೊಟ್ಟಿದಾರೆ. ಇದು ಓದಿದ ಕೈ ಕಣೆ. ಚೀಲ ತೊಳೆದ ಕೈ ಅಲ್ಲ."

"ಲಿಸಾರ್ದೊ ಮೇಷ್ಟ್ರೇ ಬರ್ದಿರ್ತಾರೆ."

"ಅವನಿಗೆ ಇಷ್ಟು ಬರಲ್ಲ. ಅವನ ಕಾಗದ ನೋಡಿಲ್ವಾ, ಮಾನ್ಯರೇ ಅಂತ ಶುರುವಾಗಿ ಅಲ್ಲೇ ಉಸಿರು ಕಟ್ಟತ್ತೆ."

ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಸೋಸಿದ್ದನ್ನೇ ಮತ್ತೆ ಸೋಸಿದೆ.

ದೊಡ್ಡಮ್ಮ ಹೊಳೆಕೇರಿಯ ಫುಂದೂಗಳ, ಎಂದರೆ ಚೀಲದ ವೇಷದವರ, ಮುಂದಾಳು. ತಲೆಯಿಂದ ಪಾದದವರೆಗೆ ಚೀಲದ ಪಟ್ಟಿಗಳನ್ನು ತೊಟ್ಟು ಕುಣಿಯುವ ಹದಿನೈದು ಮಂದಿಯಲ್ಲಿ ಮೂವತ್ತು ವರ್ಷದಿಂದ ಮೊದಲು ನಡೆಯುವವಳು ಅವಳೇ. ಮುಖವಾಡದೊಳಗೆ ಇರುವುದು ಎಪ್ಪತ್ತೊಂದು ವರ್ಷದ ಹೆಂಗಸು ಎಂದು ಈಗೀಗ ಕುಂಟುವ ಮಂಡಿಯಿಂದ ಊರಿಗೆಲ್ಲ ಗೊತ್ತು. ಯಾರೂ ಹೇಳುವುದಿಲ್ಲ. ಹೇಳಬಾರದು.

"ಹೆಸರು ಹೇಳಿ ಮುಖ ತೋರಿಸಿದ್ರೆ ಇನ್ನೇನು ಉಳೀತು?" ಎಂದು ಸಂಜೆ ನನ್ನನ್ನು ಕೇಳಿದಳು. "ಪ್ಲಾಸ್ಟಿಕ್ ಸುತ್ಕೊಂಡಿರೋ ಒಬ್ಬ ಮುದುಕಿ."

ನಾನು ಏನೋ ಸಮಾಧಾನದ ಮಾತು ಹೇಳಿದೆ. ಏನೆಂದು ನೆನಪಿಲ್ಲ.

ಜನವರಿ 13, ಭಾನುವಾರ

ರಬ್ಬರ್ ಕೈಗವಸು ಹಾಕಿಕೊಂಡು ಒಂದು ಗಂಟೆ ದೊಡ್ಡಮ್ಮನ ತಂಡದವರಿಗೆ ಸಹಾಯ ಮಾಡಿದೆ. ಅವರ ಕೆಲಸಕ್ಕೂ ಒಂದು ಶಿಸ್ತಿದೆ ಎಂದು ಒಪ್ಪಬೇಕು. ಚೀಲವನ್ನು ಸೋಪಿನಲ್ಲಿ ತೊಳೆದು, ಬೇಲಿಯ ಮುಳ್ಳಿಗೆ ಹಿಡಿ ಸಿಕ್ಕಿಸಿ, ಸುಕ್ಕು ಬೀಳುವವರೆಗೆ ಬಿಸಿಲಿಗೆ ಬಿಡುತ್ತಾರೆ. ಆಮೇಲೆ ಎರಡು ಬೆರಳಗಲ ಪಟ್ಟಿ ಕತ್ತರಿಸಿ, ಮಧ್ಯಕ್ಕೆ ಮಡಿಸಿ, ಹಳೆಯ ಅಂಗಿ ಪ್ಯಾಂಟಿಗೆ ಕುಣಿಕೆ ಹಾಕಿ ಬಿಗಿಯುತ್ತಾರೆ. ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ, ಹುಲ್ಲಿನ ಮಾಡು ಹೊದಿಸಿದ ಹಾಗೆ.

ಅಜ್ಜ ಒಣ ಬಾಳೆಯೆಲೆಯ ವೇಷ ಹಾಕುತ್ತಿದ್ದನಂತೆ. ರೇಷ್ಮೆ, ಗೆಜ್ಜೆಯ ದೆವ್ವದ ವೇಷ ಮೇಲಿನ ಬೀದಿಯವರದು. 1979ರ ಡೇವಿಡ್ ಬಿರುಗಾಳಿಯಲ್ಲಿ ಈ ದ್ವೀಪದ ಬಾಳೆತೋಟಗಳೆಲ್ಲ ನೆಲಕ್ಕೆ ಮಲಗಿದ ಮೇಲೆ ಬಂದ ಕಾರ್ನಿವಲ್ಲಿಗೆ ಎಲೆ ಇರಲಿಲ್ಲ. "ಎಲೆ ಇಲ್ಲ ಅಂತ ಮನೇಲಿ ಕೂತ್ಕೊಳ್ಳಕ್ಕಾಗತ್ತಾ? ಮರದ ಮೇಲೆಲ್ಲ ಚೀಲ ಹಾರಿ ಕೂತಿತ್ತು. ಅದನ್ನೇ ಕಿತ್ಕೊಂಡ್ವಿ," ಎಂದಳು ದೊಡ್ಡಮ್ಮ. ಈ ಕಥೆ ನನಗೆ ಹದಿನಾಲ್ಕು ವರ್ಷದಿಂದ ಗೊತ್ತಿದೆ, ಅಂದರೆ ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಿಂದ ಇಲ್ಲಿಗೆ ಬಂದಾಗಿನಿಂದ. ಕೇಳಿಸಿಕೊಂಡದ್ದು ಇವತ್ತೇ ಇರಬೇಕು.

ಜನವರಿ 22, ಮಂಗಳವಾರ

ಲಿಸಾರ್ದೊ ಮೇಷ್ಟ್ರಿಗೆ ಹೇಳಿ ಒಂದು ಮಧ್ಯದ ದಾರಿ ಮಾಡಿಸಿದ್ದೇನೆ. ಸಮಿತಿಯವರೇ ಹೊಸ ಪ್ಲಾಸ್ಟಿಕ್ ಕೊಡುತ್ತಾರೆ. ಬೆಳ್ಳಿ ಬಣ್ಣದ ನಾಲ್ಕು ಸುರುಳಿಗಳನ್ನು ನಾನೇ ಹೊತ್ತು ತಂದೆ. ವಸ್ತುವಿನ ತಕರಾರು ಮುಗಿದರೆ ಮುಖವಾಡದ ವಿಷಯ ನಿಧಾನವಾಗಿ ಮಾತಾಡಬಹುದು.

ದೊಡ್ಡಮ್ಮ ಬೆರಳಲ್ಲಿ ಉಜ್ಜಿ ನೋಡಿ ಕೆಳಗಿಟ್ಟಳು. "ಇದು ಯಾರ ಮನೆ ಚೀಲ?"

"ಯಾರದ್ದೂ ಅಲ್ಲ. ಹೊಸದು."

"ಅದೇ ತೊಂದರೆ."

ಬೈಕ್ ಬಾಡಿಗೆ ಹೊಡೆಯುವ ಚಾಗೊ ಮಾತ್ರ ಒಂದು ಸುರುಳಿ ಎತ್ತಿಕೊಂಡ. "ಟೀಚರ್ ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾರೆ ಅಜ್ಜಿ. ನಾನೊಂದು ಮಾಡಿ ನೋಡ್ತೀನಿ. ಮೂವತ್ತು ದಾಟಿತು, ಒಂದ್ಸಲನಾದ್ರೂ ಫಳಫಳ ಹೊಳೀಬೇಡ್ವಾ?"

ಫೆಬ್ರವರಿ 3, ಭಾನುವಾರ

ತಿಂಗಳ ಮೊದಲ ಭಾನುವಾರದ ಕುಣಿತ. ನಿಯಮಗಳು ಇಪ್ಪತ್ತೇಳರ ದೊಡ್ಡ ಮೆರವಣಿಗೆಗೆ ಮಾತ್ರ, ಇವತ್ತು ಯಾರು ಬೇಕಾದರೂ ಬೀದಿಗಿಳಿಯಬಹುದು.

ಚಾಗೊ ಬೆಳ್ಳಿಯಾಗಿ ಬಂದ. ಔಷಧಿ ಅಂಗಡಿಯ ಮುಂದೆ ಮೊದಲ ಪಟ್ಟಿ ಜಾರಿತು. ಹೊಸ ಪ್ಲಾಸ್ಟಿಕ್ ನುಣುಪು. ಸುಕ್ಕಿಲ್ಲ, ಕುಣಿಕೆ ಹಿಡಿಯುವುದಿಲ್ಲ. ಎರಡು ಸುತ್ತು ತಿರುಗಿದ್ದಕ್ಕೆ ಸಾಲುಸಾಲೇ ಕಳಚಿಕೊಂಡಿತು. ನಿಂತು ಕಟ್ಟಿಕೊಳ್ಳುವ ಬದಲು ಇನ್ನೂ ಜೋರಾಗಿ ಕುಣಿದ. ಇಗರ್ಜಿಯ ಮುಂದೆ ಬರುವ ಹೊತ್ತಿಗೆ ಒಳಗಿನ ಹಳೆಯ ಅಂಗಿ ಬಿಚ್ಚಿಕೊಂಡು, ಪ್ಯಾಂಟೂ ಕುಣಿತಕ್ಕೆ ಕೆಳಗಿಳಿದು, ಮುಖವಾಡ ಮತ್ತು ಬೇಸ್‌ಬಾಲ್ ತಂಡದ ನೀಲಿ ಚಡ್ಡಿ ಮಾತ್ರ ಉಳಿದಿತ್ತು.

ಆದರೂ ಆಟ ಬಿಡಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಲಿಸಾರ್ದೊ ಮೇಷ್ಟ್ರ ಎದುರು ಹೋಗಿ, ಮುಖವಾಡದವರು ಮಾತಾಡುವ ಕೀರಲು ದನಿಯಲ್ಲಿ, "ನಾನ್ಯಾರು ಹೇಳಿ ನೋಡೋಣ," ಎಂದ. ಊಹಿಸುವವರಿಗೆ ಒಂದೇ ಅವಕಾಶ. ಸರಿಯಾಗಿ ಗುರುತಿಸಿದರೆ ವೇಷದವನು ಮುಖ ತೋರಿಸಿ ಮನೆಗೆ ಹೋಗಬೇಕು. ತಪ್ಪಿದರೆ ಊಹಿಸಿದವನು ದಾರಿ ಬಿಡಬೇಕು. ಅಜ್ಜನ ಕಾಲದ ಆಟ.

"ಇದಕ್ಕೆ ಮುಖ ಯಾಕಯ್ಯಾ ಬೇಕು ಚಾಗೊ," ಎಂದರು ಮೇಷ್ಟ್ರು. ಅವರು ಇದರಲ್ಲಿ ಗಟ್ಟಿಗರು. ಇವತ್ತೇ ಮೂವರನ್ನು ಮನೆಗೆ ಕಳಿಸಿದರು, ಒಬ್ಬನನ್ನು ಬರೀ ಕೆಮ್ಮಿನಿಂದ. "ಈ ಊರಲ್ಲಿ ನನ್ನ ಕೈಯಲ್ಲಿ ಏಟು ತಿನ್ನದ ಬೆನ್ನಿಲ್ಲ. ಹಿಂದಿನಿಂದ ನೋಡಿದ್ರೂ ಹೇಳ್ತೀನಿ."

ಓನೆಲಿಯಾ ಬೀದಿಯುದ್ದಕ್ಕೂ ಬಿದ್ದ ಬೆಳ್ಳಿ ಪಟ್ಟಿಗಳನ್ನು ಆಯ್ದು ತಂದಳು. "ತೊಳೆದು ಒಣಗಿಸೋಣ. ಮುಂದಿನ ವರ್ಷಕ್ಕೆ ಬುದ್ಧಿ ಬರತ್ತೆ, ಇದಕ್ಕೂ ಅವನಿಗೂ."

ಎಲ್ಲರೂ ನಕ್ಕರು. ಆ ಸುರುಳಿ ತಂದವಳು ನಾನು ಎಂದು ಯಾರೂ ಎತ್ತಿ ಆಡಲಿಲ್ಲ. ಅದೇ ಚುಚ್ಚಿತು.

ಫೆಬ್ರವರಿ 4, ಸೋಮವಾರ

ಹೇಳಿದೆ. ತೊಟ್ಟಿಯ ಹತ್ತಿರ ನಿಂತುಕೊಂಡೇ ಹೇಳಿದೆ. "ದೊಡ್ಡಮ್ಮ, ಆ ನಿಯಮ ಬರ್ದಿದ್ದು ನಾನು."

ಈ ಸಲ ಅವಳ ಕೈ ನಿಂತಿತು.

"ಮುಖ ತೋರಿಸೋದೂ?"

"ಅದು ಅವರು ಹೇಳಿದ್ದು. ಕಸ ಅನ್ನೋದು ನಂದು."

"ಯಾಕೆ?"

"ಟಿ.ವಿ.ಯವರು ಬೇಲಿ ನೋಡಿದ್ರೆ ನಾಚಿಕೆ ಅಂತ ಅನ್ನಿಸ್ತು."

ಕೈಯಲ್ಲಿದ್ದ ಚೀಲವನ್ನು ಕೊಡವಿದಳು. ಆಮೇಲೆ, "ನಿಮ್ಮಮ್ಮ ಸತ್ತಾಗ ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದೆ. ಅದರಲ್ಲಿದ್ದ ಬಟ್ಟೆನೂ ಒಗೆದು ಇದೇ ಬೇಲಿ ಮೇಲೆ ಹಾಕಿದ್ದೆ," ಎಂದಳು. ಅಷ್ಟೇ.

ಫೆಬ್ರವರಿ 5

ಮಾತಿಲ್ಲ.

ಫೆಬ್ರವರಿ 6

ಮಾತಿಲ್ಲ. ಶಾಲೆಯಿಂದ ಬಂದಾಗ ತೊಟ್ಟಿಯ ಹತ್ತಿರ ಎರಡನೆಯ ಮಣೆ ಇಟ್ಟಿದ್ದಳು. ಕೂತೆ. ಕೈಗವಸು ಎಲ್ಲಿಟ್ಟಿದ್ದೆನೋ, ಹುಡುಕಲು ಏಳಲಿಲ್ಲ.

ಫೆಬ್ರವರಿ 8, ಶುಕ್ರವಾರ

ಊಟಕ್ಕೆ ಕೂತಾಗ ದೊಡ್ಡಮ್ಮ ಪಾತ್ರೆಯ ತಳ ಕೆರೆದು, ಗರಿಗರಿಯಾಗಿ ಸೀದ ಅನ್ನವನ್ನೆಲ್ಲ ನನ್ನ ತಟ್ಟೆಗೆ ಹಾಕಿದಳು. ಈ ಮನೆಯಲ್ಲಿ ಅದು ತನಗೇ ಬೇಕೆಂದು ಜಗಳ ನಡೆದಿದೆ.

"ತಿನ್ನು. ನಾಳೆ ಬೆಳಗ್ಗೆಯಿಂದ ಕತ್ತರಿ ಹಿಡೀಬೇಕು. ನಮ್ಮೋರ ಹತ್ರ ಎಲ್ಲ ಬಿಳಿ ಚೀಲಾನೇ ಇದೆ, ಬಣ್ಣದ್ದು ಹುಡುಕು."

ಫೆಬ್ರವರಿ 12, ಮಂಗಳವಾರ

ಶಾಲೆಯ ಗೇಟಿನ ಹತ್ತಿರ ಚರಂಡಿಯ ಅಂಚಿನಲ್ಲಿ ಒಂದು ಹಳದಿ ಚೀಲ ಬಿದ್ದಿತ್ತು. ಹಳದಿ ನಮಗೆ ಕಡಿಮೆ ಇದೆ. ಎತ್ತಿ ಕೊಡವಿ ಬ್ಯಾಗಿಗೆ ಹಾಕಿಕೊಂಡೆ. ಹತ್ತನೆಯ ತರಗತಿಯ ಹುಡುಗಿಯರು ನೋಡುತ್ತಿದ್ದರು. ಒಬ್ಬಳು ತನ್ನ ಊಟದ ಡಬ್ಬಿ ಸುತ್ತಿದ್ದ ಚೀಲವನ್ನು ತೆಗೆದು, "ಟೀಚರ್, ಕೆಂಪು ಬೇಕಾ?" ಎಂದಳು.

ಲಿಸಾರ್ದೊ ಮೇಷ್ಟ್ರೂ ನೋಡುತ್ತಿದ್ದರು. ಕೋಣೆಗೆ ಕರೆಸಿದರು.

"ಮನೆಯೋರನ್ನ ಸಮಾಧಾನ ಮಾಡ್ತೀರಿ ಅಂದ್ಕೊಂಡಿದ್ದೆ. ನೀವೇ ಚರಂಡಿಗೆ ಇಳಿದ್ರಲ್ಲ."

"ಚರಂಡಿಯ ಅಂಚು ಸರ್. ಇಳಿಯೋ ಅಗತ್ಯ ಬೀಳಲಿಲ್ಲ."

ಅವರು ನಗಲಿಲ್ಲ. "ಹೊಳೆಕೇರಿ ತಂಡ ಇಪ್ಪತ್ತೇಳಕ್ಕೆ ಬಂದು ಗಲಾಟೆ ಮಾಡಿದ್ರೆ, ನಿಯಮ ಯಾರು ಬರ್ದಿದ್ದು ಅಂತ ನಾನು ಊರಿಗೆ ಹೇಳಬೇಕಾಗತ್ತೆ. ನಿಮ್ಮ ಬಗ್ಗೆ ಅವರು ಏನಂದುಕೊಳ್ತಾರೆ? ಈಸ್ಟರ್ ಆದ್ಮೇಲೆ ಗುಡ್ಡದ ಶಾಲೆಗೂ ಒಬ್ಬರು ಇಂಗ್ಲಿಷ್ ಟೀಚರ್ ಬೇಕಂತೆ. ಯೋಚನೆ ಮಾಡಿ."

ಯೋಚನೆ ಮಾಡುವುದು ನನ್ನ ಹಳೆಯ ಚಾಳಿ. ಮನೆಗೆ ಬರುವವರೆಗೂ ಮಾಡಿದೆ. ಗುಡ್ಡದ ಶಾಲೆಗೆ ಎರಡು ಬಸ್ಸು. ದೊಡ್ಡಮ್ಮನಿಗೆ ಗೊತ್ತಾಗಿದೆ, ಅದು ಮುಗಿಯಿತು. ಆದರೆ ಓನೆಲಿಯಾ? ನನ್ನನ್ನು ನಂಬಿ ಚಡ್ಡಿಯಲ್ಲಿ ನಿಂತ ಚಾಗೊ? ಅವರ ಮುಖ ಹೇಗಾದೀತು? ಆದರೂ ಹಳದಿ ಚೀಲವನ್ನು ತೊಳೆದು ಬೇಲಿಗೆ ಹಾಕಿದೆ.

ಫೆಬ್ರವರಿ 17, ಭಾನುವಾರ

ದೊಡ್ಡಮ್ಮನ ಮಂಡಿ ಪಪ್ಪಾಯಿಯಷ್ಟು ಊದಿದೆ. ಉದ್ಯಾನದವರೆಗೆ ನಡೆಯುವುದು ಸುಳ್ಳು. ಆದರೂ ಹಿತ್ತಿಲಲ್ಲಿ ಎಲ್ಲರನ್ನೂ ಕೂರಿಸಿ ಉಪಾಯ ಹೇಳಿದಳು.

"ಲಿಸಾರ್ದೊ ಉದ್ಯಾನದ ಬಾಯಿಗೆ ಹಗ್ಗ ಕಟ್ಟಿ ನಿಂತಿರ್ತಾನೆ. ಚೀಲ ಬೇಡ ಅಂತಾನೆ. ಆಗ ಆಟಕ್ಕೆ ಕರೀರಿ. ಊರೆಲ್ಲ ನೋಡ್ತಿರುವಾಗ ಆಟ ಬೇಡ ಅನ್ನಲ್ಲ ಅವನು, ಜಂಬ ಬಿಡಲ್ಲ. ಮುಂದಿರೋರನ್ನ ಗುರುತಿಸಿದ್ರೆ ಎಲ್ಲ ವಾಪಸ್. ತಪ್ಪಿದ್ರೆ ಹಗ್ಗ ಎತ್ತಬೇಕು."

"ಅಜ್ಜಿ, ಮುಂದಿರೋದು ನೀನು. ನಿನ್ನ ಕುಂಟು ಕುರುಡನಿಗೂ ಗೊತ್ತು," ಎಂದ ಚಾಗೊ.

"ಕುಂಟು ಮುಂದೆ ಇರತ್ತೆ. ನಾನಿರಲ್ಲ." ನನ್ನ ಕಡೆ ಗಲ್ಲ ಎತ್ತಿದಳು. "ಇವಳು ನನ್ನಷ್ಟೇ ಎತ್ತರ. ವೇಷದಲ್ಲಿ ಇವಳನ್ನ ಯಾರೂ ಕನಸಲ್ಲೂ ನೆನೆಸಲ್ಲ."

ನನಗೆ ಕುಣಿಯಲು ಬರುವುದಿಲ್ಲ, ನೀರಿನ ಕ್ಯಾನು ಹೊರುತ್ತೇನೆ ಎಂದು ಶುರು ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದೊಡ್ಡಮ್ಮ ಓನೆಲಿಯಾಳ ತಿಂಡಿಗಾಡಿಯಲ್ಲಿ ಚೀಲದ ರಾಶಿಯಾಗಿ ಮಲಗಿ ಬರುತ್ತಾಳೆ. ಹಗ್ಗ ದಾಟಿದ ಮೇಲೆ ಎದ್ದು, ಗಾಡಿಯ ಮೇಲೆ ನಿಂತೇ ಕುಣಿಯುತ್ತಾಳೆ.

ಮಧ್ಯಾಹ್ನವೆಲ್ಲ ಕುಂಟುವುದನ್ನು ಕಲಿತೆ.

"ಎಡಗಾಲು ಕಣೆ ನಂದು. ಬಲದ್ದಲ್ಲ."

"ಗೊತ್ತು."

"ಗೊತ್ತಿದ್ರೆ ಯಾಕೆ ಬಾತುಕೋಳಿ ಥರ ಹೋಗ್ತಿದೀಯ? ನೋವಾಗತ್ತೆ ಅಂತ ತೋರಿಸ್ಬೇಡ. ನೋವಾಗ್ತಿಲ್ಲ ಅಂತ ತೋರಿಸು. ಅದೇ ನನ್ನ ನಡಿಗೆ."

ಫೆಬ್ರವರಿ 26, ಮಂಗಳವಾರ

ಕೊನೆಯ ಸಾಲು ಬಿಗಿದಾಯಿತು. ಆ ಹಳದಿ ನನ್ನ ಎಡಭುಜದ ಮೇಲಿದೆ. ಬೆರಳ ತುದಿಗಳು ಒಡೆದಿವೆ. ನಾಳೆ ನಾವು ಹೋಗುತ್ತೇವೆ.

ಫೆಬ್ರವರಿ 28, ಗುರುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ.

ಮೂರು ಗಂಟೆಯ ಬಿಸಿಲು. ಉದ್ಯಾನದ ಬಾಯಿಗೆ ಹಗ್ಗ. ಬಿಳಿ ಅಂಗಿಯಲ್ಲಿ ಲಿಸಾರ್ದೊ ಮೇಷ್ಟ್ರು, ಕೈಯಲ್ಲಿ ಹೆಸರುಗಳ ಪಟ್ಟಿ, ಪಕ್ಕದಲ್ಲಿ ಟಿ.ವಿ.ಯವರ ಕ್ಯಾಮೆರಾ. ಗೆಜ್ಜೆಯ ದೆವ್ವಗಳು ಒಂದೊಂದಾಗಿ ಮುಖ ತೋರಿಸಿ ಒಳಗೆ ಹೋದವು. ಆಮೇಲೆ ನಾವು. ಹಿಂದೆ ಓನೆಲಿಯಾಳ ಗಾಡಿ, ಅದರ ಮೇಲೆ ಚೀಲದ ರಾಶಿ.

"ಕಸಕ್ಕೆ ಪ್ರವೇಶ ಇಲ್ಲ," ಎಂದರು ಮೇಷ್ಟ್ರು. "ನಿಯಮ ಏಳು. ಫಲಕದ ಮೇಲಿದೆ, ಓದ್ಕೊಳ್ಳಿ."

ಮುಖವಾಡದೊಳಗೆ ನನ್ನದೇ ಮಾತು ಬೇರೆಯವರ ಬಾಯಿಂದ ಕೇಳಿದೆ.

ಚಾಗೊ ಕೀರಲು ದನಿ ತೆಗೆದ. "ಅದು ಈ ವರ್ಷದ ನಿಯಮ ಮೇಷ್ಟ್ರೇ. ನಮ್ಮದು ಅದಕ್ಕಿಂತ ಹಳೇದು. ಮುಂದಿರೋರು ಯಾರು ಹೇಳಿ. ಸರಿಯಾದ್ರೆ ಎಲ್ಲರೂ ಮನೆಗೆ. ತಪ್ಪಾದ್ರೆ ಹಗ್ಗ ನೀವೇ ಎತ್ತಬೇಕು."

"ಹೇಳಿ ಮೇಷ್ಟ್ರೇ," ಎಂದರು ಯಾರೋ ಹಿಂದಿನಿಂದ. "ಬೆನ್ನು ನೋಡಿ ಹೇಳ್ತೀನಿ ಅಂತಿದ್ರಲ್ಲ."

ಅವರು ಕ್ಯಾಮೆರಾದ ಕಡೆ ನೋಡಿ, ಪಟ್ಟಿ ಮಡಿಸಿ ಜೇಬಿಗಿಟ್ಟರು. "ಒಪ್ಪಿದೆ."

ನಾನು ನಾಲ್ಕು ಹೆಜ್ಜೆ ನಡೆದೆ. ನೋವಾಗುತ್ತಿಲ್ಲ ಎಂದು ತೋರಿಸುತ್ತ ನಡೆದೆ. ನಾನು ನಿಲ್ಲುವ ಮೊದಲೇ ಅವರು ನಕ್ಕರು.

"ಎನೇರಿಯಾ. ಮುಖವಾಡ ತೆಗಿ. ಮಂಡಿಗೆ ಎಣ್ಣೆ ಹಚ್ಕೊಂಡು ಮಲಗು ಹೋಗು."

ತಲೆ ಅಲ್ಲಾಡಿಸಿದೆ.

"ಸುಳ್ಳು. ಅಲ್ಲದಿದ್ರೆ ಮುಖ ತೋರಿಸು."

ಇದನ್ನು ನಾವು ಯೋಚಿಸಿರಲಿಲ್ಲ. ತೋರಿಸಿದರೆ ಅವರ ನಿಯಮಕ್ಕೆ ತಲೆಬಾಗಿದ ಹಾಗೆ. ತೋರಿಸದಿದ್ದರೆ ನಂಬುವವರಿಲ್ಲ. ಕೈ ಮುಖವಾಡದ ಅಂಚಿನವರೆಗೆ ಹೋಯಿತು. ಆಗ ಗಾಡಿಯ ಮೇಲಿನ ರಾಶಿ ಅಲುಗಿತು.

"ಯಾರೋ ನನ್ನ ಹೆಸರು ಕರೆದ ಹಾಗಾಯ್ತು."

ದೊಡ್ಡಮ್ಮ ಎದ್ದು ಕೂತಳು. ತನ್ನ ಕೈಯಿಂದಲೇ ಮುಖವಾಡ ಕಳಚಿದಳು. ಬೆವರಿಗೆ ಅಂಟಿದ ಬಿಳಿ ಕೂದಲು, ಹಣೆಯ ಮೇಲೆ ರಟ್ಟಿನ ಗೆರೆ. ಮೂವತ್ತು ವರ್ಷ ಆಟದಲ್ಲಿ ಯಾರಿಗೂ ಬಿಟ್ಟುಕೊಡದಿದ್ದ ಮುಖ.

"ಇಲ್ಲಿದೀನಿ ಲಿಸಾರ್ದೊ. ಮಂಡಿನೂ ಇಲ್ಲೇ ಇದೆ. ಹಗ್ಗ."

ಜನ ನಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ನಿಲ್ಲಲೇ ಇಲ್ಲ. ಮೇಷ್ಟ್ರು ಹಗ್ಗವನ್ನು ಎದೆಯ ಮಟ್ಟಕ್ಕೆ ಎತ್ತಿದರು.

"ಇನ್ನೂ ಮೇಲೆ," ಎಂದಳು ದೊಡ್ಡಮ್ಮ. "ನಮ್ಮೋರು ಬಗ್ಗಲ್ಲ."

ಅವರ ಎರಡೂ ಕೈ ತಲೆಯ ಮೇಲೆ ಹೋಗುವವರೆಗೆ ನಾವು ಅಲ್ಲಾಡಲಿಲ್ಲ. ಆಮೇಲೆ ನೆಟ್ಟಗೆ ನಡೆದು ಒಳಗೆ ಹೋದೆವು, ಹದಿನೈದು ಮಂದಿ.

ಗಾಡಿ ಬರಲಿಲ್ಲ. ತಿರುಗಿ ನೋಡಿದರೆ ಓನೆಲಿಯಾ ಅದನ್ನು ಹೊಳೆಯ ಕಡೆಗೆ ತಿರುಗಿಸುತ್ತಿದ್ದಳು. ಮುಖ ತೋರಿಸಿದವರು ಮನೆಗೆ ಹೋಗಬೇಕು. ಆ ಹಳೆಯ ನಿಯಮವನ್ನು ದೊಡ್ಡಮ್ಮ ತನಗಾಗಿಯೂ ಮುರಿಯಲಿಲ್ಲ. ಅವಳಿಲ್ಲದ ಮೊದಲ ಇಪ್ಪತ್ತೇಳು. ನಾನು ಮುಂದೆ ಕುಣಿದೆ. ಹೇಗೆ ಕುಣಿದೆನೋ ಗೊತ್ತಿಲ್ಲ. ಒಮ್ಮೆ ಚಾಗೊ ಪಕ್ಕಕ್ಕೆ ಬಂದು, "ಅಕ್ಕಾ, ಈಗ ಕುಂಟೋದು ನಿಲ್ಲಿಸ್ಬಹುದು," ಎಂದ. ನನಗೆ ಗೊತ್ತೇ ಆಗಿರಲಿಲ್ಲ.

ಮನೆಗೆ ಬಂದಾಗ ಅವಳು ಕಾಲು ಚಾಚಿ ಕೂತಿದ್ದಳು. "ಸದ್ದು ಹೇಗಿತ್ತು?"

"ಒಣಗಿದ ಬಾಳೆತೋಟದಲ್ಲಿ ಗಾಳಿ ಬೀಸಿದ ಹಾಗಿತ್ತು."

"ಹಾಗಾದ್ರೆ ಸರಿಯಾಗಿ ಒಣಗಿಸಿದೀಯ."

ಇವತ್ತು ಶಾಲೆಯಲ್ಲಿ ಲಿಸಾರ್ದೊ ಮೇಷ್ಟ್ರು ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ, "ಆ ಹಾಳೆ ನಿಮ್ಮ ಕೈಬರಹದಲ್ಲಿ ನನ್ನ ಹತ್ರ ಇದೆ," ಎಂದರು. ಮುಂದಿದ್ದವರು ಯಾರೆಂದು ಅವರಿಗೆ ಇನ್ನೂ ತಿಳಿದಿಲ್ಲ. ನಾನು ಸುಮ್ಮನೆ ಇದ್ದರೆ ಯಾವತ್ತಿಗೂ ತಿಳಿಯುವುದಿಲ್ಲ. ಆದರೆ ಮುಖವಾಡ ಹಾಕಿದ್ದು ನಿನ್ನೆ ಮಾತ್ರವಲ್ಲ. ಡಿಸೆಂಬರಿನಲ್ಲಿ ಸಮಿತಿ ಎಂಬ ಹೆಸರಿನ ಹಿಂದೆಯೂ ಇದ್ದವಳು ನಾನೇ, ಆಗ ನನ್ನನ್ನು ಗುರುತಿಸಿ ನೋಡಿ ಎಂದು ಯಾರನ್ನೂ ಕೇಳಿರಲಿಲ್ಲ.

ಬೇರೊಂದು ಹಾಳೆಗೆ ಹೀಗೆ ಬರೆದಿದ್ದೇನೆ:

"ಏಳನೆಯ ನಿಯಮದಲ್ಲಿ ಕಸ ಎಂದು ಬರೆದವಳು ನಾನು. ಅದು ತಪ್ಪು. ಆ ಚೀಲಗಳನ್ನು ಈಗ ನಾನೂ ತೊಳೆದಿದ್ದೇನೆ. ಮುಂದಿನ ವರ್ಷ ನಿಯಮ ಬರೆಯುವವರು ಕೆಳಗೆ ಹೆಸರು ಹಾಕಲಿ. ಯೊಕಾಸ್ತಾ ಫ್ರಿಯಾಸ್, ಹೊಳೆಕೇರಿ."

ಮೊದಲು ಚಾಗೊಗೂ ಓನೆಲಿಯಾಗೂ ಬಾಯಲ್ಲೇ ಹೇಳಬೇಕು. ಅವರು ಬೈದರೆ ಕೇಳಿಸಿಕೊಳ್ಳಬೇಕು. ಅದಕ್ಕೆ ಎರಡು ದಿನ ಸಾಕು. ಗುಡ್ಡದ ಶಾಲೆಗೆ ಎರಡು ಬಸ್ಸು ಬದಲಿಸಿ ಹೋದರೂ ಸಂಜೆ ಐದಕ್ಕೆ ತೊಟ್ಟಿಯ ಹತ್ತಿರ ಇರಬಹುದು, ಲೆಕ್ಕ ಹಾಕಿ ನೋಡಿದ್ದೇನೆ.

ಹಳೆಯ ಹಾಳೆಯ ಮೇಲೆಯೇ, ಅಂಚಿಗೆ ಅಂಚು ಸೇರಿಸಿ ಅಂಟಿಸುತ್ತೇನೆ. ಇಗರ್ಜಿಯಿಂದ ಎಲ್ಲರೂ ಹೊರಗೆ ಬರುವ ಹೊತ್ತಿಗೆ, ಮಾರ್ಚ್ 3, ಭಾನುವಾರ.